ಆಗಸ್ಟ್ ತಿಂಗಳಿಗೊಂದು ದ್ವೀಪ: ನಾವು ಆಯ್ದುಕೊಂಡ ಬಗೆ

ನನ್ನ ತಂಗಿಯ ಕುಟುಂಬ ದುಬೈನಲ್ಲಿದೆ. ಅಲ್ಲಿನ ಶಾಲೆಗಳಿಗೆ ದೊಡ್ಡ ರಜೆ ಬರುವುದು ಜುಲೈ, ಆಗಸ್ಟ್ ತಿಂಗಳುಗಳಲ್ಲಿ. ಆ ಹೊತ್ತಿಗೆ ಬೆಂಗಳೂರಿನಲ್ಲಿ ನಮ್ಮ ಮಕ್ಕಳಿಗೆ ಶಾಲೆ ಶುರುವಾಗಿ ಎರಡು ತಿಂಗಳಾಗಿರುತ್ತದೆ. ಹೀಗಾಗಿ ಮನೆಮಂದಿಯೆಲ್ಲ ಒಟ್ಟಿಗೆ ಹೊರಡಬೇಕೆಂದರೆ ಆಗಸ್ಟ್ 15ರ ಆಸುಪಾಸಿನಲ್ಲಿ ಹೇಗೋ ಹೊಂದಿಸಿಕೊಂಡ ಒಂದು ವಾರವೇ ಗತಿ. ಎರಡು ವರ್ಷಗಳ ಹಿಂದೆ ನಾಲ್ವರು ಮಕ್ಕಳೂ ಕೂಡಿಕೊಂಡು, ಈ ಸಲ ದ್ವೀಪಕ್ಕೇ ಹೋಗಬೇಕು, ಸಮುದ್ರವನ್ನು ನೋಡಿಕೊಂಡು ಬರುವುದಲ್ಲ, ಅದರಲ್ಲಿ ಇಳಿಯಬೇಕು ಎಂದು ಹಟ ಹಿಡಿದರು. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೋಣಿಗಳೇ ನಿಂತಿರುವ ಕಾಲದಲ್ಲಿ ಬೇರೆ ಯಾವ ದ್ವೀಪ ನಮ್ಮನ್ನು ಬರಮಾಡಿಕೊಂಡೀತು ಎಂದು ಹುಡುಕುವ ಕೆಲಸ ನನ್ನ ಪಾಲಿಗೆ ಬಂತು.

ನಾವು ಒಟ್ಟು ಒಂಬತ್ತು ಮಂದಿ. ಅಮ್ಮನಿಗೆ ಎಪ್ಪತ್ತು ದಾಟಿದೆ, ಮಂಡಿನೋವು ಇದೆ. ಅವರಿಗೂ ನನ್ನ ಹೆಂಡತಿಗೂ ಸಸ್ಯಾಹಾರವೇ ಆಗಬೇಕು. ಮೊದಲು ಒಂದು ಪ್ರವಾಸ ಏಜೆನ್ಸಿಯವರನ್ನು ವಿಚಾರಿಸಿದೆ. ಅವರು ಒಂದೇ ಉಸಿರಿಗೆ ನಾಲ್ಕು ದ್ವೀಪಗಳ ಹೆಸರು ಹೇಳಿ, ಆಫ್ ಸೀಸನ್ ಆದ್ದರಿಂದ ಎಲ್ಲವೂ ಹೆಚ್ಚುಕಡಿಮೆ ಅರ್ಧ ಬೆಲೆಗೆ ಸಿಗುತ್ತವೆ ಎಂದರು. ಅರ್ಧ ಬೆಲೆ ಏಕೆ ಎಂದು ಕೇಳಿದ್ದಕ್ಕೆ, "ಸ್ವಲ್ಪ ಮಳೆ ಇರುತ್ತೆ ಸರ್, ಅಷ್ಟೇ" ಎಂಬ ಉತ್ತರ ಬಂತು. ತೀರ್ಥಹಳ್ಳಿಯ ಕಡೆಯವರಾದ ಅಮ್ಮ ಪಕ್ಕದಲ್ಲಿ ಕುಳಿತು ಇದನ್ನು ಕೇಳಿಸಿಕೊಂಡು, "ಮಳೆ ನೋಡಲಿಕ್ಕೆ ನಾನು ವಿಮಾನ ಹತ್ತಬೇಕಾ?" ಎಂದರು.

ಆ ಮಾತಿನಿಂದಲೇ ನನಗೆ ದಾರಿ ಹೊಳೆದದ್ದು. ಆಗಸ್ಟಿನಲ್ಲಿ ಆಗುಂಬೆಯಲ್ಲಿ ಹಿಡಿದ ಮಳೆ ಬಿಡದಿರುವಾಗ, ಅದೇ ವಾರ ಚಳ್ಳಕೆರೆಯಲ್ಲಿ ರೈತರು ಮುಗಿಲು ನೋಡುತ್ತ ನಿಂತಿರುತ್ತಾರೆ. ನೈಋತ್ಯದಿಂದ ಬರುವ ಗಾಳಿ ಘಟ್ಟಕ್ಕೆ ತಾಗಿ ಮೇಲೇರಿ, ತಣಿದು, ಹೊತ್ತು ತಂದ ನೀರನ್ನು ಪಶ್ಚಿಮದ ಕಡೆಗೇ ಸುರಿದು, ಒಣಗಿದ ಗಾಳಿಯಾಗಿ ಪೂರ್ವಕ್ಕೆ ಇಳಿಯುತ್ತದೆ. ಹಾಗಿದ್ದರೆ ನಾನು ಹುಡುಕಬೇಕಾದದ್ದು ಅಗ್ಗದ ದ್ವೀಪವನ್ನಲ್ಲ, ನಡುವೆ ಎತ್ತರದ ಬೆಟ್ಟವಿರುವ ದ್ವೀಪವನ್ನು; ಉಳಿಯಬೇಕಾದದ್ದು ಆ ಬೆಟ್ಟದ ಮರೆಯಲ್ಲಿ. ಅಂದಿನಿಂದ ಏಜೆನ್ಸಿಯ ದರಪಟ್ಟಿಯನ್ನು ಬದಿಗಿಟ್ಟು ಭೂಪಟವನ್ನು ಎದುರಿಗಿಟ್ಟುಕೊಂಡೆ.

ಮಾಲ್ಡೀವ್ಸ್ ಮತ್ತು ಲಕ್ಷದ್ವೀಪಗಳು ಈ ಲೆಕ್ಕದಲ್ಲಿ ಮೊದಲಿಗೇ ಬಿದ್ದುಹೋದವು. ಎರಡೂ ಹವಳದ ದ್ವೀಪಗಳು. ಸಮುದ್ರಮಟ್ಟದಿಂದ ಕೆಲವೇ ಅಡಿ ಎತ್ತರದಲ್ಲಿರುವ ಅವುಗಳಲ್ಲಿ ಗಾಳಿಗೆ ಮರೆ ಎಂಬುದೇ ಇಲ್ಲ. ಮಾಲ್ಡೀವ್ಸಿನಲ್ಲಿ ಮಳೆ ಬಂದುಹೋಗಿ ನಡುನಡುವೆ ಒಳ್ಳೆಯ ಬಿಸಿಲು ಬೀಳುವುದೂ ಉಂಟು, ಇಬ್ಬರೇ ಹೋಗುವುದಾದರೆ ಆ ಜೂಜಾಡಬಹುದು. ಆದರೆ ಒಂಬತ್ತು ಮಂದಿ ಒಂದೇ ರೆಸಾರ್ಟಿನ ದ್ವೀಪದಲ್ಲಿ ಕೂತು ಮಳೆ ನಿಲ್ಲುವುದನ್ನು ಕಾಯುವುದು ದುಬಾರಿಯ ಕಾಯುವಿಕೆ. ಲಕ್ಷದ್ವೀಪಕ್ಕೆ ಪ್ರವೇಶ ಪರವಾನಗಿ ಬೇಕು, ಮಳೆಗಾಲದಲ್ಲಿ ಕೊಚ್ಚಿಯ ಹಡಗುಗಳನ್ನು ನಂಬಿ ದಿನಾಂಕ ಗೊತ್ತುಮಾಡುವಂತಿಲ್ಲ. ಅಂಡಮಾನಿನಲ್ಲಿ ಬೆಟ್ಟಗಳೇನೋ ಇವೆ, ಆದರೆ ಅಲ್ಲಿನ ಅತಿ ಎತ್ತರದ ಸ್ಯಾಡಲ್ ಪೀಕ್ ಕೂಡ 732 ಮೀಟರ್ ಮಾತ್ರ. ಉದ್ದಕ್ಕೆ ಚಾಚಿಕೊಂಡ ಆ ಕಿರಿದಾದ ದ್ವೀಪಗಳ ಎರಡೂ ಮಗ್ಗುಲು ಮಳೆಗೆ ನೆನೆಯುತ್ತವೆ, ಕಡಲು ಕೆರಳಿದ ದಿನ ಸ್ವರಾಜ್ ದ್ವೀಪಕ್ಕೆ ಹೋಗುವ ಫೆರಿಗಳು ರದ್ದಾಗುತ್ತವೆ. ಬಾಲಿಗೆ ಆಗಸ್ಟ್ ಒಣಹವೆಯ ಕಾಲವೇ ನಿಜ, ಆದರೆ ಅದು ಅಲ್ಲಿ ಜನಜಂಗುಳಿಯ ಸೀಸನ್ ಕೂಡ. ಮಾರಿಷಸ್ ಮಾತ್ರ ಕೊನೆಯವರೆಗೂ ಪಟ್ಟಿಯಲ್ಲಿತ್ತು. ಅಲ್ಲಿ ಆಗಸ್ಟ್ ಎಂದರೆ ಹಿತವಾದ ಚಳಿಗಾಲ, ಜನವೂ ಕಡಿಮೆ. ಆಗ್ನೇಯದ ಗಾಳಿ ಬೀಸುವುದರಿಂದ ಪಶ್ಚಿಮ ದಡದಲ್ಲಿ ಉಳಿದರೆ ಗಾಳಿಯ ಕಾಟವೂ ಅಷ್ಟಿರದು. ವಿಮಾನಯಾನ ದೀರ್ಘವಾಯಿತೆಂದು ಅಮ್ಮನ ಸಲುವಾಗಿ ಅದನ್ನು ಕೈಬಿಟ್ಟೆವು.

ಉಳಿದದ್ದು ಶ್ರೀಲಂಕಾ. ಅದರ ನಡುನಾಡಿನ ಪಿದುರುತಲಾಗಲ ಶಿಖರ 2,524 ಮೀಟರ್ ಎತ್ತರವಿದೆ. ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಬೆಂತೋಟ, ಹಿಕ್ಕಡುವ ಮೊದಲಾದ ನೈಋತ್ಯದ ಹೆಸರಾಂತ ಕಡಲತೀರಗಳಲ್ಲಿ ಅಲೆಗಳು ಅಬ್ಬರಿಸುತ್ತಿರುವಾಗ, ಪೂರ್ವದ ತ್ರಿಂಕೋಮಲಿಯಲ್ಲಿ ಕಡಲು ಕೆರೆಯಂತೆ ಮಲಗಿರುತ್ತದೆ. ಡಿಸೆಂಬರಿನಲ್ಲಿ ಈಶಾನ್ಯ ಮಾರುತ ಬಂದಾಗ ಇದು ತಿರುಗುಮುರುಗಾಗುತ್ತದೆ. ಒಂದೇ ದ್ವೀಪಕ್ಕೆ ಎರಡು ಸೀಸನ್ ಇರುವಾಗ ಇಡೀ ದೇಶಕ್ಕೆ "ಆಫ್ ಸೀಸನ್" ಎಂಬ ಒಂದೇ ಚೀಟಿ ಅಂಟಿಸಿ ಮಾರುವುದು ಎಷ್ಟು ಸರಿ ಎಂದು ನನಗೆ ಅನ್ನಿಸಿದ್ದುಂಟು.

ಆದರೂ ಬರಿಯ ಪುಸ್ತಕದ ಲೆಕ್ಕ ನಂಬಿ ಹಣ ಕಟ್ಟಲು ಧೈರ್ಯ ಸಾಲಲಿಲ್ಲ. ಪ್ರವಾಸಿಗರು ಹಾಕಿದ ಚಿತ್ರಗಳಲ್ಲಿ ಆಗಸ್ಟ್ ತಿಂಗಳಿನವನ್ನು ಮಾತ್ರ ಆರಿಸಿ, ನೀರಿನೊಳಗೆ ಮಕ್ಕಳಿದ್ದಾರೆಯೇ ಎಂದು ನೋಡಿದೆ. ಖಾಲಿ ಮರಳಿನ ಸುಂದರ ಚಿತ್ರಕ್ಕಿಂತ ಮೊಣಕಾಲುದ್ದ ನೀರಿನಲ್ಲಿ ಆಡುತ್ತಿರುವ ಮಗುವಿನ ಚಿತ್ರ ಹೆಚ್ಚು ಸತ್ಯ ಹೇಳುತ್ತದೆ. ಆಮೇಲೆ ತ್ರಿಂಕೋಮಲಿಯ ಉತ್ತರಕ್ಕಿರುವ ನಿಲಾವೆಳಿಯ ಒಂದು ಚಿಕ್ಕ ಅತಿಥಿಗೃಹಕ್ಕೆ ಫೋನ್ ಮಾಡಿದೆ. ನನಗೆ ಬರುವ ಅಷ್ಟಿಷ್ಟು ತಮಿಳು ಅಲ್ಲಿ ಕೈಹಿಡಿಯಿತು. ಕೊಠಡಿಯ ವಿಷಯ ಕೇಳುವ ಮೊದಲು, ಈಗ ದೋಣಿಗಳು ನೀರಿನಲ್ಲಿವೆಯೋ ದಡದ ಮೇಲಿವೆಯೋ ಎಂದು ಕೇಳಿದೆ. ಆತ ನಕ್ಕು, ನೀರಿನಲ್ಲಿವೆ, ನಮ್ಮವಷ್ಟೇ ಅಲ್ಲ, ನೆಗೊಂಬೊ ಕಡೆಯವರೂ ಬಂದಿದ್ದಾರೆ ಎಂದರು. ನೈಋತ್ಯ ಮಾರುತದ ತಿಂಗಳುಗಳಲ್ಲಿ ಪಶ್ಚಿಮ ತೀರದ ಮೀನುಗಾರರಲ್ಲಿ ಹಲವರು ಪೂರ್ವ ತೀರಕ್ಕೆ ವಲಸೆ ಬರುವುದು ಅಲ್ಲಿನ ಹಳೆಯ ರೂಢಿಯಂತೆ. ಅದಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇಕಿರಲಿಲ್ಲ.

ಖರ್ಚಿನ ವಿಷಯದಲ್ಲಿ ನನ್ನ ಲೆಕ್ಕ ಪೂರ್ತಿ ಸರಿಹೋಗಲಿಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ. ಪೂರ್ವ ತೀರಕ್ಕೆ ಆಗಸ್ಟ್ ಸೀಸನ್ ಆದ್ದರಿಂದ, ಯುರೋಪಿನವರ ಬೇಸಿಗೆ ರಜೆಯೂ ಅದೇ ಆದ್ದರಿಂದ, ಕೊಠಡಿಗಳಿಗೆ ಏಜೆನ್ಸಿಯವರು ಹೇಳಿದ ಅರ್ಧ ಬೆಲೆ ಅಲ್ಲಿರಲಿಲ್ಲ. ಉಳಿತಾಯವಾದದ್ದು ಬೇರೆ ಕಡೆಯಿಂದ: ಬೆಂಗಳೂರಿನಿಂದ ಕೊಲಂಬೊಗೆ ಒಂದೂವರೆ ಗಂಟೆಯ ಹಾರಾಟವಾದ್ದರಿಂದ ಟಿಕೆಟ್ಟು ಹಗುರಾಯಿತು, ಒಂದೇ ವ್ಯಾನಿನಲ್ಲಿ ಒಂಬತ್ತು ಮಂದಿಯೂ ಹಿಡಿಸಿದೆವು. ಎಸಳ ಪೆರಹೆರ ಉತ್ಸವ ಜುಲೈ ಅಥವಾ ಆಗಸ್ಟಿನಲ್ಲಿ ಬರುವುದರಿಂದ, ಆ ಹತ್ತು ದಿನಗಳಲ್ಲಿ ಕ್ಯಾಂಡಿಯಲ್ಲಿ ಕೊಠಡಿ ಸಿಗುವುದೇ ಕಷ್ಟವೆಂದು ಆ ಊರನ್ನೇ ಬಿಟ್ಟೆವು.

ವಿಮಾನ ನಿಲ್ದಾಣವಿರುವ ಕಟುನಾಯಕದಲ್ಲಿ ಇಳಿದಾಗ ಜಿಟಿಜಿಟಿ ಮಳೆ. ಮಕ್ಕಳು ನನ್ನ ಮುಖ ನೋಡಿದರು. ದಂಬುಲ್ಲ ದಾಟಿ ಹಬರಣದ ಹತ್ತಿರ ಬರುವಷ್ಟರಲ್ಲಿ ನೆಲ ಒಣಗಿ, ರಸ್ತೆಬದಿಯ ಹುಲ್ಲು ಹಳದಿಗೆ ತಿರುಗಿತ್ತು. ನಮ್ಮ ಹಿರಿಯೂರಿನ ದಾರಿಯೇ ಎಂದು ಭಾವ ತಮಾಷೆ ಮಾಡಿದರು. ಅಲ್ಲಿ ಒಂದು ರಾತ್ರಿ ತಂಗಿದ್ದು ಅಮ್ಮನ ಮಂಡಿಯ ಸಲುವಾಗಿಯಾದರೂ ಲಾಭ ಮಕ್ಕಳಿಗಾಯಿತು. ಒಣಕಾಲದಲ್ಲಿ ಮಿನ್ನೇರಿಯ ಕೆರೆಯ ನೀರು ಇಳಿದು ಅಂಗಳದಲ್ಲಿ ಎಳೆಹುಲ್ಲು ಏಳುತ್ತದೆ, ಸುತ್ತಲಿನ ಕಾಡಾನೆಗಳೆಲ್ಲ ಅದನ್ನು ಹುಡುಕಿಕೊಂಡು ಬರುತ್ತವೆ. ನೂರಕ್ಕೂ ಹೆಚ್ಚು ಆನೆಗಳನ್ನು ಒಂದೇ ಬಯಲಿನಲ್ಲಿ ನಾವು ಕಂಡೆವು. ಯಾವ ಬರದಿಂದ ನಮಗೆ ಬಿಸಿಲು ಸಿಕ್ಕಿತ್ತೋ ಅದೇ ಬರ ಅವುಗಳನ್ನೂ ಅಲ್ಲಿಗೆ ಕರೆತಂದಿತ್ತು.

ನಿಲಾವೆಳಿಯಲ್ಲಿ ನಾಲ್ಕು ದಿನ ಉಳಿದೆವು. ನಾನು ಎಣಿಸದೆ ಹೋದದ್ದು ಕಚ್ಚಾನ್ ಎಂಬ ಗಾಳಿಯನ್ನು. ಬೆಟ್ಟ ಇಳಿದು ಬರುವ ಆ ಒಣಗಾಳಿ ಮಧ್ಯಾಹ್ನಗಳಲ್ಲಿ ಒಲೆಯ ಬಾಯಿಯಿಂದ ಬಂದಂತೆ ಬೀಸುತ್ತದೆ. ಸಮುದ್ರದ ನೋಟಕ್ಕೆ ಆಸೆಪಟ್ಟು ಕಾದಿರಿಸಿದ್ದ ಬರಿಯ ಫ್ಯಾನಿನ ಕೊಠಡಿಯಲ್ಲಿ ಅಮ್ಮ ಮೊದಲ ದಿನ ಒದ್ದಾಡಿದರು; ಮರುದಿನವೇ ಹಿಂಬದಿಯ, ಮರದ ನೆರಳಿನ ಎ.ಸಿ. ಕೊಠಡಿಗೆ ಬದಲಾಯಿಸಿಕೊಂಡೆವು. ಬೆಳಿಗ್ಗೆ ಆರರಿಂದ ಒಂಬತ್ತೂವರೆಯವರೆಗೆ ಕಡಲು, ನಡುಹಗಲು ನಿದ್ದೆ, ನಾಲ್ಕರ ಮೇಲೆ ಮತ್ತೆ ಕಡಲು ಎಂಬ ದಿನಚರಿ ತಾನಾಗಿ ರೂಢಿಯಾಯಿತು. ಹವಳ ನೋಡಲು ಪಿಜನ್ ದ್ವೀಪಕ್ಕೆ ಹೋಗುವವರು ಮೊದಲ ದೋಣಿಯಲ್ಲೇ ಹೋಗಬೇಕು. ತಡವಾದರೆ ಮೀನಿಗಿಂತ ಮನುಷ್ಯರ ಕಾಲುಗಳೇ ಹೆಚ್ಚು ಕಾಣಿಸುತ್ತವೆ. ಅದು ರಾಷ್ಟ್ರೀಯ ಉದ್ಯಾನವಾದ್ದರಿಂದ ದೋಣಿಯ ಬಾಡಿಗೆಯಲ್ಲದೆ ವಿದೇಶಿಯರ ಪ್ರವೇಶ ಶುಲ್ಕವೂ ಬೇರೆ ಇದೆ, ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ಊಟದಲ್ಲಿ ಒಂದು ಎಚ್ಚರಿಕೆ ಬೇಕು. ನಮ್ಮ ಒತ್ತುಶಾವಿಗೆಯಂಥ ಇಡಿಯಪ್ಪವೂ ತೆಂಗಿನಕಾಯಿಯ ಸಂಬೋಲವೂ ನೋಡಲು ಅಪ್ಪಟ ಸಸ್ಯಾಹಾರ. ಆದರೆ ಸಂಬೋಲದಲ್ಲಿಯೂ ಕೆಲವು ತರಕಾರಿ ಪಲ್ಯಗಳಲ್ಲಿಯೂ ಉಂಬಲಕಡ ಎಂಬ ಒಣ ಟ್ಯೂನಾ ಮೀನಿನ ಪುಡಿ ಹಾಕುವ ವಾಡಿಕೆಯಿದೆ. ಮಾಂಸ ಇದೆಯೇ ಎಂದು ಕೇಳಿದರೆ ಇಲ್ಲವೆನ್ನುತ್ತಾರೆ, ಉಂಬಲಕಡ ಇದೆಯೇ ಎಂದು ಹೆಸರು ಹಿಡಿದೇ ಕೇಳಬೇಕು. ತ್ರಿಂಕೋಮಲಿ ಪೇಟೆಯ ತಮಿಳರ ಸಸ್ಯಾಹಾರಿ ಹೋಟೆಲೊಂದು ಸಿಕ್ಕ ಮೇಲೆ ನಮಗೆ ಆ ಚಿಂತೆ ತಪ್ಪಿತು. ಅಲ್ಲಿಂದ ಕೋಣೇಶ್ವರ ದೇವಸ್ಥಾನ ದೂರವಿಲ್ಲ. ಏಳನೆಯ ಶತಮಾನದಲ್ಲಿ ತಮಿಳು ಶೈವ ಸಂತಕವಿ ಸಂಬಂಧರ್ ಹಾಡಿದ ಕ್ಷೇತ್ರವದು. ಹಳೆಯ ಗುಡಿಯನ್ನು ಪೋರ್ಚುಗೀಸರು 17ನೆಯ ಶತಮಾನದ ಆರಂಭದಲ್ಲಿ ಕೆಡವಿ ಅದರ ಕಲ್ಲುಗಳನ್ನು ಕೋಟೆಗೆ ಬಳಸಿದರು. ಜಿಂಕೆಗಳು ಅಡ್ಡಾಡುವ ಆ ಕೋಟೆಯೊಳಗಿನ ಏರನ್ನು ಅಮ್ಮ ಆಟೋದಲ್ಲಿ ಹತ್ತಿ, ಬಂಡೆಯ ತುದಿಯಲ್ಲಿ ಕಡಲಿಗೆ ಮುಖಮಾಡಿ ಅರ್ಧ ಗಂಟೆ ಕುಳಿತಿದ್ದರು.

ಮರುದಿನದ ವಿಮಾನ ಬೆಳಗಿನದಾದ್ದರಿಂದ ಕೊನೆಯ ರಾತ್ರಿಯನ್ನು ನೆಗೊಂಬೊದಲ್ಲಿ ಕಳೆದೆವು. ಅಲ್ಲಿನ ಕೊಠಡಿ ನಿಜವಾಗಿಯೂ ಅರ್ಧ ಬೆಲೆಗೆ ಸಿಕ್ಕಿತು. ಸಂಜೆ ಮಕ್ಕಳು ದಡಕ್ಕೆ ಓಡಿ, ಕೆಂಪು ಬಾವುಟವನ್ನೂ ಕಂದು ಬಣ್ಣದ ಅಲೆಗಳನ್ನೂ ನೋಡಿ ಹಿಂದೆ ಸರಿದರು. ಮರಳಿನ ಮೇಲೆ ಮಗುಚಿಟ್ಟಿದ್ದ ಒಂದೆರಡು ದೋಣಿಗಳನ್ನು ತೋರಿಸಿ, ಇವುಗಳ ಯಜಮಾನರು ಎಲ್ಲಿ ಎಂದು ತಂಗಿಯ ಮಗಳು ಕೇಳಿದಳು. ವ್ಯಾನಿನ ಚಾಲಕ ಕೈಯನ್ನು ಪೂರ್ವದ ಕಡೆಗೆ ಚಾಚಿ, "ನೀವು ಬಂದ ಕಡೆಗೇ ಹೋಗಿದ್ದಾರೆ" ಎಂದ.