ವೇಪ್ ದ್ರವಕ್ಕೆ ನಾನು ಸಿರಿಂಜ್ ಆರಿಸಿಕೊಂಡ ಬಗೆ

ಮನೆಯಲ್ಲೇ ವೇಪ್ ದ್ರವ, ಅಂದರೆ ಇ-ಸಿಗರೇಟಿನಲ್ಲಿ ಆವಿಯಾಗುವ ದ್ರವ, ಬೆರೆಸಲು ಹೊರಟಾಗ ನನ್ನ ಬಳಿ ಇದ್ದದ್ದು 10 ಮಿ.ಲೀ.ನ ಒಂದೇ ಒಂದು ಸಿರಿಂಜ್. ನಿಕೋಟಿನ್, ಫ್ಲೇವರ್, ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್ ಎಲ್ಲಕ್ಕೂ ಅದೇ ಸಾಕು ಎಂದುಕೊಂಡಿದ್ದೆ. ಮೊದಲ ಸಂಜೆಯೇ ಅದು ಕೈಕೊಟ್ಟಿತು.

ಗ್ಲಿಸರಿನ್ ಪಾಕದ ಹಾಗೆ ಮಂದ. ಜೊತೆಗೆ ಬಂದಿದ್ದ ಸಣ್ಣ ಸೂಜಿಯಲ್ಲಿ ಎಳೆದರೆ ಪ್ಲಂಜರ್ ಹಿಂದೆ ಬಂತೇ ಹೊರತು ದ್ರವ ಬರಲಿಲ್ಲ. ರಬ್ಬರಿನ ಅಂಚಿನಿಂದ ಗಾಳಿ ನುಸುಳಿ ಒಳಗೆಲ್ಲ ಗುಳ್ಳೆ. ಹೇಗೋ ಅರ್ಧ ತುಂಬಿಸಿ ಸೀಸೆಗೆ ಒತ್ತಿದೆ. ಇಳಿಯಲಿಲ್ಲ. ಇನ್ನಷ್ಟು ಬಲ ಹಾಕಿದೆ. ಟಪ್ಪೆಂದು ಸೂಜಿ ಕಳಚಿ ಸೀಸೆಯೊಳಗೆ ಬಿತ್ತು, ಗ್ಲಿಸರಿನ್ ಮೇಜಿನ ಮೇಲೆ ಹರಿಯಿತು. ಅದರಲ್ಲಿ ನಿಕೋಟಿನ್ ಇರಲಿಲ್ಲ ಎಂಬುದೊಂದೇ ಸಮಾಧಾನ. ನಿಕೋಟಿನ್ ಚರ್ಮದ ಮೂಲಕವೂ ಮೈಗೆ ಇಳಿಯುತ್ತದೆ. ಗಾಢ ದ್ರಾವಣ ಕಣ್ಣಿಗೋ ಕೈಗೋ ಸಿಡಿದಿದ್ದರೆ ಈ ಕಥೆಯನ್ನು ನಗುತ್ತಾ ಹೇಳುವಂತಿರಲಿಲ್ಲ.

ತಪ್ಪು ಎರಡು ಕಡೆ ಇತ್ತು. ಸಿರಿಂಜಿನ ತುದಿ ಸೂಜಿಯನ್ನು ಸುಮ್ಮನೆ ಸಿಕ್ಕಿಸುವ ಬಗೆಯದು. ಆಮೇಲೆ ತಿರುಪಿ ಬಿಗಿಮಾಡುವ ಲೂಯರ್ ಲಾಕ್ ಬಿಟ್ಟು ಬೇರೆಯದನ್ನು ನಾನು ಮುಟ್ಟಿಲ್ಲ. ಎರಡನೆಯದು ಸೂಜಿಯ ರಂಧ್ರ. ಸೂಜಿಯ ದಪ್ಪವನ್ನು ಗೇಜ್ ಎಂಬ ಸಂಖ್ಯೆಯಲ್ಲಿ ಹೇಳುತ್ತಾರೆ, ಅದು ಏರಿದಷ್ಟೂ ಸೂಜಿ ಸಣ್ಣದು. 18 ಗೇಜಿನ ಒಳವ್ಯಾಸ ಸುಮಾರು 0.84 ಮಿ.ಮೀ., 14 ಗೇಜಿನದು 1.6 ಮಿ.ಮೀ. ಹೆಚ್ಚುಕಡಿಮೆ ಎರಡು ಪಟ್ಟು, ಅಷ್ಟೇ ತಾನೆ ಎನಿಸುತ್ತದೆ. ಆದರೆ ಹರಿವು ತ್ರಿಜ್ಯದ ನಾಲ್ಕನೇ ಘಾತದಂತೆ ಏರುವುದರಿಂದ ಅದೇ ಉದ್ದದ ಸೂಜಿಯಲ್ಲಿ ಅದೇ ಒತ್ತಡಕ್ಕೆ ಹದಿಮೂರು ಪಟ್ಟು ದ್ರವ ಇಳಿಯುತ್ತದೆ. 14 ಗೇಜ್ ಹಾಕಿ, ಗ್ಲಿಸರಿನ್ ಸೀಸೆಯನ್ನು ಹತ್ತು ನಿಮಿಷ ಬೆಚ್ಚಗಿನ ನೀರಿನಲ್ಲಿಟ್ಟ ದಿನ ನನ್ನ ಹೆಬ್ಬೆರಳಿಗೆ ಬಿಡುಗಡೆ ಸಿಕ್ಕಿತು. ಸೂಜಿ ಯಾವ ಗೇಜಿನದಾದರೂ ಮೊಂಡು ತುದಿಯದೇ ಇರಬೇಕು. ಇಲ್ಲಿ ಚುಚ್ಚುವ ಕೆಲಸವೇ ಇಲ್ಲ.

ನಿಕೋಟಿನ್ ವಿಷಯಕ್ಕೆ ಬಂದರೆ ಕಷ್ಟ ತಿರುಗುಮುರುಗು. ಅದು ಗ್ಲೈಕಾಲಿನಲ್ಲಿ ಕರಗಿದ್ದರೆ ಸಲೀಸಾಗಿ ಹರಿಯುತ್ತದೆ, ಬೇಕಾದ ಪ್ರಮಾಣ ಮಾತ್ರ ತೀರ ಕಡಿಮೆ. ನಾನು ಮಾಡುವುದು ಮಿ.ಲೀ.ಗೆ 3 ಮಿ.ಗ್ರಾಂ ನಿಕೋಟಿನ್ ಇರುವ 30 ಮಿ.ಲೀ. ಅಂದರೆ ಒಟ್ಟು 90 ಮಿ.ಗ್ರಾಂ, ಮಿ.ಲೀ.ಗೆ 100 ಮಿ.ಗ್ರಾಂ ಇರುವ ದ್ರಾವಣದಿಂದ ತೆಗೆಯಬೇಕಾದದ್ದು 0.9 ಮಿ.ಲೀ. ನನ್ನ ಹಳೆಯ ಸಿರಿಂಜಿನಲ್ಲಿ ಗೆರೆಗಳು 0.5ಕ್ಕೊಂದು. 0.9 ಎಲ್ಲಿ ಬರುತ್ತದೆಂದು ಕಣ್ಣಂದಾಜಿನಲ್ಲೇ ಹಿಡಿಯಬೇಕಿತ್ತು, 0.1 ತಪ್ಪಿದರೂ ಶೇಕಡ 11 ವ್ಯತ್ಯಾಸ. 1 ಮಿ.ಲೀ.ನ ಸಿರಿಂಜಿನಲ್ಲಿ 0.01ಕ್ಕೊಂದು ಗೆರೆ, ಅನುಮಾನಕ್ಕೆ ಎಡೆಯಿಲ್ಲ. ನೋಡಲು ಹಾಗೆಯೇ ಇರುವ ಇನ್ಸುಲಿನ್ ಸಿರಿಂಜ್ ಮಾತ್ರ ಬೇಡ. ಅದರ ಮೇಲಿರುವುದು ಯೂನಿಟ್ ಲೆಕ್ಕ, ಸೂಜಿಯೋ ಕೂದಲಿನಂಥದು, ಬಹುತೇಕ ಬಿಚ್ಚಲೂ ಬರುವುದಿಲ್ಲ.

ಗೆರೆ ಓದುವುದನ್ನೂ ನಾನು ತಡವಾಗಿ ಕಲಿತೆ. ರಬ್ಬರಿನ ತುದಿ ಗೋಪುರದಂತೆ ಚೂಪಾಗಿದ್ದರೆ ಆ ಚೂಪನ್ನು ನೋಡಬಾರದು. ಕೊಳವೆಯ ಗೋಡೆಗೆ ಒತ್ತಿ ನಿಂತ ಮುಂದಿನ ಉಂಗುರ ಎಲ್ಲಿದೆಯೋ ಅದೇ ಅಳತೆ. ಗುಳ್ಳೆ ಸೇರಿದ್ದರೆ ಓದಿದ್ದಕ್ಕಿಂತ ದ್ರವ ಕಡಿಮೆ ಇರುತ್ತದೆ. ಹಾಗಾಗಿ ತುಸು ಹೆಚ್ಚು ಎಳೆದು, ತುದಿ ಮೇಲಕ್ಕೆ ಹಿಡಿದು ಬೆರಳಿನಿಂದ ತಟ್ಟುತ್ತೇನೆ. ಮೇಲೆ ಸೇರಿದ ಗಾಳಿಯನ್ನು ನಿಕೋಟಿನ್ ಸೀಸೆಯೊಳಗೇ ಬಿಡುತ್ತೇನೆ, ಕೋಣೆಯ ಗಾಳಿಗೆ ಎಂದೂ ಚಿಮ್ಮಿಸುವುದಿಲ್ಲ. ನೈಟ್ರೈಲ್ ಕೈಗವಸು ಹಾಕದೆ ಈ ಸೀಸೆಯ ಮುಚ್ಚಳ ತೆಗೆಯುವುದಿಲ್ಲ. ಅದು ಇರುವುದು ಬೀಗ ಹಾಕಿದ ಪೆಟ್ಟಿಗೆಯಲ್ಲಿ.

ಕೊನೆಗೆ ಗ್ಲಿಸರಿನ್‌ಗಂತೂ ನಾನು ಸಿರಿಂಜನ್ನೇ ಬಿಟ್ಟೆ. 0.01 ಗ್ರಾಂ ತೋರಿಸುವ ಪುಟ್ಟ ತಕ್ಕಡಿಯ ಮೇಲೆ ಸೀಸೆ ಇಟ್ಟು ಸುರಿದರಾಯಿತು, 1 ಮಿ.ಲೀ. ಗ್ಲಿಸರಿನ್ ಸುಮಾರು 1.26 ಗ್ರಾಂ, ಗ್ಲೈಕಾಲ್ ಸುಮಾರು 1.04 ಗ್ರಾಂ ತೂಗುತ್ತದೆ. ಹಾಗಾದರೆ ನಿಕೋಟಿನ್ ಕೂಡ ತೂಗಬಹುದಲ್ಲ ಎಂದು ಕೇಳುವವರಿದ್ದಾರೆ. ತೂಗಬಹುದು. ಆದರೆ ತಕ್ಕಡಿಯ ಮೇಲೆ ಒಂದು ಹನಿ ಹೆಚ್ಚು ಬಿದ್ದರೆ ಅದನ್ನು ಮರಳಿ ತೆಗೆಯಲಾಗದು. ಸಿರಿಂಜಿನಲ್ಲಾದರೆ ಸುರಿಯುವ ಮೊದಲೇ ಗೆರೆ ನೋಡಿ ತಿದ್ದಿಕೊಳ್ಳಬಹುದು. ಅದಕ್ಕಾಗಿ ಕೆಂಪು ಪಟ್ಟಿ ಸುತ್ತಿದ 1 ಮಿ.ಲೀ. ಸಿರಿಂಜ್ ಬೇರೆಯೇ ಇದೆ, ಮತ್ತಾವುದಕ್ಕೂ ಅದನ್ನು ಮುಟ್ಟುವುದಿಲ್ಲ.

ಫ್ಲೇವರುಗಳಿಗೆ ರಬ್ಬರೇ ಇಲ್ಲದ, ಕೊಳವೆ ಮತ್ತು ಪ್ಲಂಜರ್ ಎರಡೂ ಪ್ಲಾಸ್ಟಿಕ್ಕಿನವೇ ಆದ ಸಿರಿಂಜುಗಳನ್ನು ತಂದೆ, ಒಂದೊಂದಕ್ಕೂ ಒಂದೊಂದು ಹೆಸರಿನ ಚೀಟಿ ಅಂಟಿಸಿ. ಕಾರಣ ಆ ಮೊದಲ 10 ಮಿ.ಲೀ. ಸಿರಿಂಜೇ. ಒಮ್ಮೆ ಅದರಲ್ಲಿ ಸೋಂಪಿನ ಫ್ಲೇವರ್ ಅಳೆದಿದ್ದೆ. ಬಿಸಿನೀರಿನಲ್ಲಿ ಎಷ್ಟು ಸಲ ತೊಳೆದರೂ ಅದರ ರಬ್ಬರ್ ಇಂದಿಗೂ ಸೋಂಪನ್ನೇ ಉಸಿರಾಡುತ್ತಿದೆ.