ಓಡುವ ಬಟನ್ ಬಿಟ್ಟರೆ ಗೋಲು ಹತ್ತಿರ

ಮಳೆಗಾಲ ಬಂದರೂ ಕರಾವಳಿಯಲ್ಲಿ ಫುಟ್‌ಬಾಲ್ ನಿಲ್ಲುವುದಿಲ್ಲ. ಬೆಂಗ್ರೆ, ಉಳ್ಳಾಲದ ಕಡೆಯ ಹುಡುಗರು ಕೆಸರಲ್ಲೇ ಆಡುತ್ತಾರೆ. ಉಳಿದವರು ಮನೆಯಲ್ಲೋ ಮಣಿಪಾಲದ ಹಾಸ್ಟೆಲ್ ರೂಮಿನಲ್ಲೋ ಕಂಟ್ರೋಲರ್ ಹಿಡಿದು ಫುಟ್‌ಬಾಲ್ ವಿಡಿಯೋ ಗೇಮ್ ಆಡುತ್ತಾ ಕೂರುತ್ತಾರೆ. ಇವರಲ್ಲಿ ಹೆಚ್ಚಿನವರ ಅಟ್ಯಾಕ್ ಒಂದೇ ರೀತಿ. ಬಾಲ್ ಸಿಕ್ಕಿದ ಕೂಡಲೇ ಓಡುವ ಬಟನ್ ಆರ್2 ಒತ್ತಿ ಹಿಡಿಯುತ್ತಾರೆ, ನೇರ ಓಡುತ್ತಾರೆ, ಇಬ್ಬರು ಡಿಫೆಂಡರ್‌ಗಳ ನಡುವೆ ಸಿಕ್ಕಿಬೀಳುತ್ತಾರೆ. ಮತ್ತೆ ಬಾಲ್ ಎದುರಾಳಿಯ ಕಾಲಲ್ಲಿ. ಇದನ್ನು ಸರಿಮಾಡುವುದು ಕಷ್ಟವೇನಲ್ಲ. ಮೊದಲು ಆ ಆರ್2 ಮೇಲಿನ ಬೆರಳು ಸಡಿಲವಾಗಬೇಕು.

ಇಲ್ಲಿ ಹೇಳುವ ಬಟನ್‌ಗಳು ಇಎ ಸ್ಪೋರ್ಟ್ಸ್ ಎಫ್‌ಸಿ ಆಟದವು, ಪ್ಲೇಸ್ಟೇಷನ್ ಕಂಟ್ರೋಲರ್ ಲೆಕ್ಕದಲ್ಲಿ. 2023ರಲ್ಲಿ ಹೆಸರು ಬದಲಾಗುವ ಮೊದಲು ಫಿಫಾ ಅಂತ ಬರುತ್ತಿದ್ದದ್ದು ಇದೇ ಆಟ. ಕೊಂಚ ಹಳೆಯ ಫಿಫಾ ಇದ್ದವರಿಗೂ ಹೆಚ್ಚಿನದು ಹೊಂದುತ್ತದೆ. ಇ-ಫುಟ್‌ಬಾಲ್ ಅಥವಾ ಅದರ ಹಳೆಯ ರೂಪವಾದ ಪಿಇಎಸ್ ಆಡುವವರು ಮಾತ್ರ ಜಾಗ್ರತೆ: ಅಲ್ಲಿ ಶೂಟ್ ಸ್ಕ್ವೇರ್‌ನಲ್ಲಿ, ಬದಿಯಿಂದ ಹಾಕುವ ಕ್ರಾಸ್ ಪಾಸ್ ಸರ್ಕಲ್‌ನಲ್ಲಿ, ಓಟ ಆರ್1ರಲ್ಲಿ. ಉಪಾಯಗಳು ಅವೇ, ಬೆರಳು ಬೇರೆ.

ಮೊದಲು ನಡೆಯಲು ಕಲಿಯಿರಿ

ಆರ್2 ಒತ್ತಿದಾಗ ಆಟಗಾರ ಬಾಲನ್ನು ದೂರ ತಳ್ಳಿಕೊಂಡು ಓಡುತ್ತಾನೆ. ಒಂದು ತಳ್ಳಿಗೂ ಇನ್ನೊಂದಕ್ಕೂ ನಡುವೆ ಬಾಲ್ ಯಾರದ್ದೂ ಅಲ್ಲ. ಡಿಫೆಂಡರ್ ಕಾಲು ಹಾಕುವುದು ಆಗಲೇ. ಬಟನ್ ಬಿಟ್ಟು ಎಡಗೈ ಸ್ಟಿಕ್ ಮಾತ್ರ ಬಳಸಿದರೆ ಬಾಲ್ ಕಾಲಿಗೆ ಅಂಟಿಕೊಂಡಂತೆ ಇರುತ್ತದೆ, ಥಟ್ಟನೆ ತಿರುಗಬಹುದು. ಹಾಗಂತ ಓಡಲೇಬಾರದು ಅಂತಲ್ಲ. ಎದುರಿಗೆ ಖಾಲಿ ಜಾಗ ಕಂಡಾಗ ಓಡಿ, ಮನುಷ್ಯ ಕಂಡಾಗ ನಿಲ್ಲಿ. ನೀವು ನಿಧಾನ ಮಾಡಿದರೆ ಎದುರಾಳಿಗೆ ತಾಳ್ಮೆ ಕೆಡುತ್ತದೆ. ಸೆಂಟರ್ ಬ್ಯಾಕನ್ನು, ಅಂದರೆ ನಡುವಿನ ಡಿಫೆಂಡರನ್ನು, ಜಾಗ ಬಿಡಿಸಿ ಮುಂದೆ ತರುತ್ತಾರೆ. ಅವನ ಬೆನ್ನ ಹಿಂದೆ ಉಳಿದ ಜಾಗವೇ ನಿಮಗೆ ಬೇಕಾದದ್ದು.

ಬಾಲ್ ಇಲ್ಲದವನನ್ನು ಓಡಿಸಿ

ಆ ಜಾಗಕ್ಕೆ ಹೋಗಬೇಕಾದವನು ಬಾಲ್ ಇರುವವನಲ್ಲ, ಇನ್ನೊಬ್ಬ. ಅವನ ಕಡೆ ಸ್ಟಿಕ್ ತಿರುಗಿಸಿ ಎಲ್1 ಒಮ್ಮೆ ತಟ್ಟಿದರೆ ಅವನು ಮುಂದಕ್ಕೆ ಓಡುತ್ತಾನೆ. ತಟ್ಟಿದ ಕೂಡಲೇ ಪಾಸ್ ಕೊಡಬೇಡಿ, ಅವನಿಗೆ ಎರಡು ಹೆಜ್ಜೆ ಬಿಡಿ. ಜಾಸ್ತಿ ಕಾದರೆ ಅವನು ಕೊನೆಯ ಡಿಫೆಂಡರನ್ನು ದಾಟಿ ಆಫ್‌ಸೈಡ್ ಆಗುತ್ತಾನೆ. ಅವನು ಕೊನೆಯ ಡಿಫೆಂಡರ್‌ನ ಭುಜಕ್ಕೆ ಸಮ ಬರುವ ಹೊತ್ತಿಗೆ ಟ್ರಯಾಂಗಲ್ ಒತ್ತಿ ಥ್ರೂ ಬಾಲ್, ಅಂದರೆ ಡಿಫೆಂಡರ್‌ಗಳ ಹಿಂದಿನ ಜಾಗಕ್ಕೆ ಪಾಸ್, ಬಿಡಬೇಕು. ಆಫ್‌ಸೈಡ್ ನೋಡುವುದು ಪಾಸ್ ಕಾಲಿನಿಂದ ಹೊರಟ ಕ್ಷಣದಲ್ಲಿ, ಬಾಲ್ ತಲುಪಿದಾಗ ಅಲ್ಲ. ಈ ಅಂದಾಜು ಓದಿ ಬರುವುದಿಲ್ಲ. ಆಡುತ್ತಾ ಆಡುತ್ತಾ ಕೈಗೆ ಕೂರುತ್ತದೆ.

ನನ್ನ ಪ್ರಕಾರ ಇಡೀ ಆಟದಲ್ಲಿ ಎಲ್ಲಕ್ಕಿಂತ ಚಂದದ ಅಟ್ಯಾಕ್ ಅಂದರೆ ವನ್-ಟು. ಎಲ್1 ಹಿಡಿದು ಎಕ್ಸ್ ಒತ್ತಿ. ಬಾಲ್ ಪಕ್ಕದವನಿಗೆ ಹೋಗುತ್ತದೆ, ಕೊಟ್ಟವನು ನಿಲ್ಲದೆ ಮುಂದೆ ಓಡುತ್ತಾನೆ. ನಿಮ್ಮ ಮಿಡ್‌ಫೀಲ್ಡರ್ ಬಾಕ್ಸ್‌ನ (ಗೋಲಿನ ಮುಂದಿನ ಪೆನಾಲ್ಟಿ ಜಾಗ) ಹೊರಗಿದ್ದಾನೆ, ಸ್ಟ್ರೈಕರ್ ಗೋಲಿಗೆ ಬೆನ್ನು ಹಾಕಿ ನಿಂತಿದ್ದಾನೆ ಅಂತಿಟ್ಟುಕೊಳ್ಳಿ. ಎಲ್1, ಎಕ್ಸ್. ಸ್ಟ್ರೈಕರ್ ಬಾಲ್ ತಡೆಯುವಾಗ ಅವನ ಹಿಂದಿದ್ದ ಡಿಫೆಂಡರ್ ಬಾಲ್ ಕಡೆ ವಾಲುತ್ತಾನೆ. ಮಿಡ್‌ಫೀಲ್ಡರ್ ಆಗಲೇ ಅವನ ಪಕ್ಕದಿಂದ ನುಸುಳುತ್ತಿರುತ್ತಾನೆ. ಟ್ರಯಾಂಗಲನ್ನು ಮೆಲ್ಲಗೆ ತಟ್ಟಿ. ಜೋರು ಒತ್ತಿದರೆ ಬಾಲ್ ಗೋಲಿಯ (ಗೋಲ್‌ಕೀಪರ್) ಕೈಗೆ ಹೋಗುತ್ತದೆ. ಸರಿಯಾಗಿ ಬಿದ್ದರೆ ಎದುರಿಗೆ ಗೋಲಿ ಒಬ್ಬನೇ. ಎದುರಾಳಿ ಎಷ್ಟೇ ಜನರನ್ನು ಹಿಂದೆ ನಿಲ್ಲಿಸಿರಲಿ, ಈ ಮೂರು ಬಟನ್‌ಗೆ ಗೋಡೆ ಒಡೆಯುತ್ತದೆ.

ಬದಿಯಿಂದ ಬಂದಾಗ

ವಿಂಗರ್ ಬದಿಯ ಗೆರೆ ಹಿಡಿದು ಓಡಿದ, ಕಣ್ಣು ಮುಚ್ಚಿ ಸ್ಕ್ವೇರ್ ಒತ್ತಿ ಎತ್ತರದ ಕ್ರಾಸ್ ಹಾಕಿದ. ಹೆಚ್ಚಿನವರು ಮಾಡುವುದು ಇದನ್ನೇ. ಹೆಡ್ಡರ್‌ಗೆ ಎತ್ತರದ ಸ್ಟ್ರೈಕರ್ ಇಲ್ಲದಿದ್ದರೆ ಇದರಿಂದ ಲಾಭ ಕಡಿಮೆ. ಇದರ ಬದಲು ಕಟ್‌ಬ್ಯಾಕ್ ಕಲಿಯಿರಿ.

ಒಂದು ಸಂಜೆ ಮಂಗಳೂರಿನ ಸ್ಟೇಟ್‌ಬ್ಯಾಂಕ್‌ನಲ್ಲಿ ಬಸ್ ಇಳಿದು ನೆಹರು ಮೈದಾನದ ಬದಿಯಲ್ಲಿ ನಿಂತು ಮ್ಯಾಚ್ ನೋಡಿ. ಚೆನ್ನಾಗಿ ಆಡುವ ವಿಂಗರ್ ಗೋಲ್ ಲೈನ್ ತನಕ ಹೋಗುತ್ತಾನೆ. ಡಿಫೆಂಡರ್‌ಗಳೆಲ್ಲ ಅವನ ಜೊತೆ ಗೋಲಿನ ಕಡೆ ಓಡುತ್ತಾರೆ. ಆಗ ಅವನು ಬಾಲನ್ನು ನೆಲದಲ್ಲೇ ಹಿಂದಕ್ಕೆ, ಪೆನಾಲ್ಟಿ ಸ್ಪಾಟ್ ಕಡೆ ತಳ್ಳುತ್ತಾನೆ. ಗೋಲಿನಿಂದ 11 ಮೀಟರ್ ದೂರದ ಆ ಜಾಗದಲ್ಲಿ ತಡವಾಗಿ ಬಂದ ಮಿಡ್‌ಫೀಲ್ಡರ್ ಆರಾಮಾಗಿ ಹೊಡೆಯುತ್ತಾನೆ. ಗೇಮ್‌ನಲ್ಲೂ ಡಿಫೆಂಡರ್‌ಗಳು ಹೀಗೇ ಹಿಂದೆ ಓಡುತ್ತಾರೆ. ಬೈಲೈನ್ (ಅದೇ ಗೋಲ್ ಲೈನ್) ಹತ್ತಿರ ಆರ್2 ಬಿಡಿ, ಬಾಕ್ಸ್ ಒಳಗೆ ಎರಡು ಹೆಜ್ಜೆ ತಿರುಗಿ, ಹಿಂದೆ ಬರುತ್ತಿರುವವನ ಕಡೆ ಸ್ಟಿಕ್ ಇಟ್ಟು ಎಕ್ಸ್ ಒತ್ತಿ. ಪಾಸ್ ಇನ್ನೂ ಚುರುಕಾಗಿ ಹೋಗಬೇಕಿದ್ದರೆ ಆರ್1 ಜೊತೆ ಎಕ್ಸ್. ಇದಕ್ಕೆ ಒಬ್ಬ ಮಿಡ್‌ಫೀಲ್ಡರ್ ಬಾಕ್ಸ್ ಹತ್ತಿರ ಬರಲೇಬೇಕು. ಮ್ಯಾಚ್‌ಗೆ ಮೊದಲು ಟ್ಯಾಕ್ಟಿಕ್ಸ್‌ನಲ್ಲಿ ಅದನ್ನು ನೋಡಿಟ್ಟುಕೊಳ್ಳಿ.

ಕೊನೆಗೆ ಶೂಟ್

ಸರ್ಕಲ್ ಮಾತ್ರ ಒತ್ತಿದರೆ ಸಾದಾ ಹೊಡೆತ. ಬಾಕ್ಸ್ ಒಳಗೆ ಪವರ್ ಬಾರ್ ಅರ್ಧಕ್ಕಿಂತ ಮೇಲೆ ಹೋಗಲು ಬಿಡಬೇಡಿ, ಬಾಲ್ ಗೋಲಿನ ಮೇಲಿಂದ ಹಾರುತ್ತದೆ. ಆರ್1 ಜೊತೆ ಸರ್ಕಲ್ ಒತ್ತಿದರೆ ಫಿನೆಸ್ ಶಾಟ್, ಬಾಲ್ ಬಾಗಿ ದೂರದ ಪೋಸ್ಟ್ ಕಡೆ ಹೋಗುತ್ತದೆ. ಇದು ಬಾಕ್ಸ್‌ನ ಓರೆ ಮೂಲೆಯಿಂದ ಚೆಂದ ಕೂರುತ್ತದೆ. ಎಡ ಬದಿಯಲ್ಲಿ ಬಲಗಾಲಿನವನನ್ನು, ಬಲ ಬದಿಯಲ್ಲಿ ಎಡಗಾಲಿನವನನ್ನು ಆಡಿಸಿ, ಒಳಗೆ ತಿರುಗಿಸಿ ಹೊಡೆಯಿರಿ. ಗೋಲಿ ಮುಂದೆ ಬಂದಿದ್ದರೆ ಎಲ್1 ಜೊತೆ ಸರ್ಕಲ್, ಬಾಲ್ ಅವನ ತಲೆ ಮೇಲಿಂದ ಹೋಗುತ್ತದೆ. ಫಿಫಾ 23ರಿಂದ ಎಲ್1, ಆರ್1 ಎರಡೂ ಹಿಡಿದು ಸರ್ಕಲ್ ಒತ್ತಿದರೆ ಪವರ್ ಶಾಟ್. ನೋಡಲು ಭಾರೀ ಜೋರು. ಆದರೆ ಕಾಲು ಎತ್ತಲು ಸಮಯ ಬೇಕು, ಹತ್ತಿರ ಯಾರಾದರೂ ಇದ್ದರೆ ಆಸೆ ಬಿಡಿ.

ಯಾರ ಯಾವ ಕಾಲು ಅನ್ನುವುದನ್ನು ಹಗುರ ಮಾಡಬೇಡಿ. ವೀಕ್ ಫೂಟ್‌ಗೆ, ಅಂದರೆ ಬಲ ಕಡಿಮೆ ಇರುವ ಕಾಲಿಗೆ, 1ರಿಂದ 5 ಸ್ಟಾರ್ ಇರುತ್ತದೆ. ಎರಡು ಸ್ಟಾರ್‌ನವನ ತಪ್ಪು ಕಾಲಿಗೆ ಬಾಲ್ ಬಂದರೆ ಹೊಡೆಯಬೇಡಿ. ಸರ್ಕಲ್ ಒತ್ತಿ ಕೂಡಲೇ ಎಕ್ಸ್ ಒತ್ತಿದರೆ ಫೇಕ್ ಶಾಟ್ ಆಗುತ್ತದೆ. ಡಿಫೆಂಡರ್ ಅಡ್ಡ ಬೀಳುತ್ತಾನೆ, ನೀವು ಕಾಲು ಬದಲಿಸಬಹುದು. ಸ್ಕಿಲ್ ಮೂವ್‌ಗಳಲ್ಲಿ ಇದೊಂದು, ಬಲಗೈ ಸ್ಟಿಕ್ ಬದಿಗೆ ಹಿಡಿದು ಮಾಡುವ ಬಾಲ್ ರೋಲ್ ಇನ್ನೊಂದು. ಶುರುವಿಗೆ ಇವೆರಡು ಸಾಕು.

ಗೋಲಿ ಒಬ್ಬನೇ ಎದುರಿಗಿದ್ದಾಗ ಗಡಿಬಿಡಿ ಬೇಡ. ಪಕ್ಕದಲ್ಲಿ ನಿಮ್ಮವನು ಓಡಿ ಬರುತ್ತಿದ್ದರೆ ಎಕ್ಸ್ ಒತ್ತಿ ಅವನಿಗೆ ಕೊಡಿ. ಖಾಲಿ ಗೋಲಿಗೆ ಹೊಡೆಯುವುದಕ್ಕಿಂತ ಸುಲಭ ಯಾವುದಿದೆ?

ಒಂದೇ ಗೆಳೆಯನ ಜೊತೆ ದಿನಾ ಆಡುವವರು ದಾರಿ ಬದಲಿಸುತ್ತಿರಬೇಕು. ಎರಡು ಸಲ ಕಟ್‌ಬ್ಯಾಕ್ ಮಾಡಿದರೆ ಮೂರನೇ ಸಲ ಅವನು ಪೆನಾಲ್ಟಿ ಸ್ಪಾಟ್ ಹತ್ತಿರ ಒಬ್ಬನನ್ನು ನಿಲ್ಲಿಸಿರುತ್ತಾನೆ. ಆಗ ಬೈಲೈನ್ ತನಕ ಹೋಗಿ, ಪಾಸ್ ಕೊಡುವಂತೆ ತಿರುಗಿ, ಹತ್ತಿರದ ಪೋಸ್ಟ್‌ಗೆ ಹೊಡೆಯಿರಿ.