ಎಲ್‌ಡಿಎಲ್ ಅಫೆರೆಸಿಸ್ ಆದ ಮೇಲೆ ರಕ್ತಪರೀಕ್ಷೆಯ ಅಂಕಿಯನ್ನು ಓದುವ ಬಗೆ

ತಂದೆ ತಾಯಿ ಇಬ್ಬರಿಂದಲೂ ದೋಷವುಳ್ಳ ಜೀನ್ ಪಡೆದು ಹುಟ್ಟಿದ ಮಗುವಿನ ಯಕೃತ್ತಿಗೆ, ರಕ್ತದಲ್ಲಿರುವ ಎಲ್‌ಡಿಎಲ್ ಕಣಗಳನ್ನು (‘ಕೆಟ್ಟ’ ಕೊಲೆಸ್ಟ್ರಾಲ್ ಹೊತ್ತ ಕಣಗಳು) ಹಿಡಿದು ಒಳಗೆಳೆದುಕೊಳ್ಳುವ ಶಕ್ತಿ ತೀರಾ ಕಡಿಮೆ ಇರುತ್ತದೆ. ಹಿಮ್ಮಡಿಯ ಹಿಂಬದಿಯಲ್ಲಿ, ಮೊಣಕೈ ಮಂಡಿಗಳ ಮೇಲೆ ಹಳದಿ ಛಾಯೆಯ ಗಂಟುಗಳು ಬಾಲ್ಯದಲ್ಲಿಯೇ ಕಾಣಿಸಿಕೊಳ್ಳಬಹುದು. ಇಂಥ ರೋಗಿಗಳ ಪ್ಲಾಸ್ಮಾ, ಅಂದರೆ ರಕ್ತದ ದ್ರವಭಾಗವನ್ನು, ಬದಲಿಸುವ ಚಿಕಿತ್ಸೆಯನ್ನು ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯ ಗಿಲ್ಬರ್ಟ್ ಥಾಂಪ್ಸನ್ ಮತ್ತು ಸಂಗಡಿಗರು 1975ರಲ್ಲಿ ವರದಿ ಮಾಡಿದರು. ಈಗಿನ ಯಂತ್ರಗಳು ಮುಖ್ಯವಾಗಿ ಎಲ್‌ಡಿಎಲ್ ಅನ್ನು ಸೋಸಿ, ಉಳಿದುದನ್ನು ದೇಹಕ್ಕೆ ಮರಳಿಸುತ್ತವೆ; ಇದೇ ಎಲ್‌ಡಿಎಲ್ ಅಫೆರೆಸಿಸ್.

ಚಿಕಿತ್ಸೆಗೆ ಹೋಗುವ ಮುನ್ನ ನೀವು ಸೇವಿಸುವ ಎಲ್ಲ ಮಾತ್ರೆಗಳ ಪಟ್ಟಿಯನ್ನು ವೈದ್ಯರಿಗೆ ಕೊಡಿ. ರಾಮಿಪ್ರಿಲ್, ಎನಾಲಾಪ್ರಿಲ್‌ನಂತಹ ರಕ್ತದೊತ್ತಡದ ಮಾತ್ರೆಗಳಿದ್ದರೆ, ಕೆಲವು ಬಗೆಯ ಶೋಧಕಗಳೊಂದಿಗೆ ರಕ್ತದೊತ್ತಡ ಹಠಾತ್ತನೆ ಕುಸಿಯುವ ಅಪಾಯವಿದೆ; ಆದರೂ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಸಾಮಾನ್ಯವಾಗಿ ಎರಡೂ ತೋಳುಗಳಿಗೆ ಸೂಜಿ ಚುಚ್ಚಿ, 2ರಿಂದ 4 ಗಂಟೆ ಮಲಗಿಸುತ್ತಾರೆ. ರಕ್ತ ಹೆಪ್ಪುಗಟ್ಟದಂತೆ ಸಿಟ್ರೇಟ್ ಬಳಸಿದಾಗ ಕ್ಯಾಲ್ಸಿಯಂ ಇಳಿದು ತುಟಿಯ ಸುತ್ತ ಜುಮ್ಮೆನ್ನಬಹುದು; ಸಹಿಸಿಕೊಂಡು ಸುಮ್ಮನಿರದೆ ಕೂಡಲೇ ನರ್ಸ್‌ಗೆ ಹೇಳಿ.

ಮುಗಿದ ಕೂಡಲೇ ಎಲ್‌ಡಿಎಲ್ ಸುಮಾರು 60ರಿಂದ 75 ಪ್ರತಿಶತ ಇಳಿದಿರುತ್ತದೆ. ಮನೆಯವರೆಲ್ಲ ಹಿಗ್ಗುವುದು ಈ ಅಂಕಿಯನ್ನು ನೋಡಿಯೇ. ಆದರೆ ಯಕೃತ್ತು ಹೊಸ ಕಣಗಳನ್ನು ತಯಾರಿಸುತ್ತಲೇ ಇರುವುದರಿಂದ ಮೊದಲ ಕೆಲವು ದಿನ ಅದು ಬಿರುಸಾಗಿ ಏರಿ, ಬರಬರುತ್ತಾ ಏರಿಕೆ ನಿಧಾನವಾಗುತ್ತದೆ. ಆದ್ದರಿಂದ ಸರಾಸರಿ ತಿಳಿಯಲು ಎರಡು ಅಂಕಿಗಳನ್ನು ಕೂಡಿಸಿ ಅರ್ಧ ಮಾಡಿದರೆ ಲೆಕ್ಕ ತಪ್ಪುತ್ತದೆ. ಚಿಕಿತ್ಸೆ ಮುಗಿದಾಗ 120, ಮುಂದಿನ ಚಿಕಿತ್ಸೆಯ ಮುನ್ನ 400 (ಡೆಸಿಲೀಟರ್ ರಕ್ತಕ್ಕೆ ಮಿಲಿಗ್ರಾಂ ಲೆಕ್ಕದಲ್ಲಿ) ಇತ್ತೆನ್ನಿ. ವ್ಯತ್ಯಾಸವಾದ 280ರ ಸುಮಾರು 0.7 ಪಾಲು 196. ಅದನ್ನು 120ಕ್ಕೆ ಸೇರಿಸಿದರೆ 316. ರಕ್ತನಾಳಗಳು ಆ ದಿನಗಳಲ್ಲಿ ಸರಾಸರಿಯಾಗಿ ಎದುರಿಸಿದ್ದು ಹೆಚ್ಚುಕಡಿಮೆ ಇದನ್ನೇ, 260 ಅನ್ನು ಅಲ್ಲ.

ಹಾಗಾಗಿ ಚಿಕಿತ್ಸೆಗೆ ಸ್ವಲ್ಪ ಮೊದಲು ಮತ್ತು ಮುಗಿದ ತಕ್ಷಣ, ಎರಡು ಬಾರಿ ರಕ್ತ ಕೊಟ್ಟು, ದಿನಾಂಕದೊಡನೆ ಎರಡನ್ನೂ ಒಂದೇ ಸಾಲಿನಲ್ಲಿ ಬರೆದಿಡಿ. ನಡುವಿನ ಯಾವುದೋ ದಿನ ಮಾಡಿಸಿದ ಪರೀಕ್ಷೆಯನ್ನು ಇವುಗಳೊಡನೆ ಹೋಲಿಸಬೇಡಿ. ಅಂಕಿ ಇಳಿದಿದೆಯೆಂದು ಕೊಲೆಸ್ಟ್ರಾಲ್ ತಗ್ಗಿಸುವ ಸ್ಟ್ಯಾಟಿನ್ ಮಾತ್ರೆಯನ್ನು ಖಂಡಿತ ಬಿಡಬೇಡಿ. ಹದಿನೈದು ದಿನಕ್ಕೊಮ್ಮೆ ಚಿಕಿತ್ಸೆ ಪಡೆಯುವವರ ಸರಾಸರಿ ಹೀಗೆ ಮೇಲೆಯೇ ಉಳಿದಿದ್ದರೆ, ಆ ಸಾಲುಗಳನ್ನು ವೈದ್ಯರ ಮುಂದಿಟ್ಟು, ವಾರಕ್ಕೊಮ್ಮೆ ಮಾಡಬಹುದೇ ಎಂದು ಕೇಳಿ.